ಕೋಡ್‌ಗೊಂದು ಜರಡಿ: ಸ್ವಯಂಚಾಲಿತ ವಿಶ್ಲೇಷಣೆ

ತಂತ್ರಾಂಶದ ಸಾಲುಗಳನ್ನು ಬರೆಯುವುದು ಒಮ್ಮೆ, ಓದುವುದು ಹಲವು ಬಾರಿ. ಬರೆದವರು ಬೇರೆಡೆಗೆ ಹೋದ ಮೇಲೂ ಮತ್ತೊಬ್ಬರು ಅವುಗಳನ್ನು ಅರ್ಥಮಾಡಿಕೊಂಡು ತಿದ್ದಬೇಕಾಗುತ್ತದೆ. ಕೋಡ್ ಓದಲು ಸುಲಭವಾಗಿ, ನಿರ್ವಹಣೆಗೆ ಒಗ್ಗುವಂತೆ ಉಳಿಯಲು ನೆರವಾಗುವ ಉಪಕರಣಗಳೇ ಸ್ವಯಂಚಾಲಿತ ವಿಶ್ಲೇಷಕಗಳು. ಪ್ರೋಗ್ರಾಮನ್ನು ಚಲಾಯಿಸದೆ ಅದರ ಪಠ್ಯವನ್ನಷ್ಟೇ ಪರಿಶೀಲಿಸುವ ಕ್ರಮಕ್ಕೆ ‘ಸ್ಥಿರ ವಿಶ್ಲೇಷಣೆ’ ಎಂದು ಹೆಸರು.

ಹಿನ್ನೆಲೆ

ಇಂತಹ ಉಪಕರಣಗಳ ಪೈಕಿ ಮೊದಲು ಹೆಸರಾದದ್ದು ‘ಲಿಂಟ್’. ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ 1978ರಲ್ಲಿ ಸಿ ಭಾಷೆಗಾಗಿ ಇದನ್ನು ರೂಪಿಸಿದರು. ಬಟ್ಟೆಗೆ ಅಂಟಿಕೊಳ್ಳುವ ನೂಲಿನ ಚೂರುಗಳಿಗೆ ಇಂಗ್ಲಿಷಿನಲ್ಲಿ ಲಿಂಟ್ ಎನ್ನುತ್ತಾರೆ. ಕಂಪೈಲರ್ ಒಪ್ಪಿಕೊಂಡರೂ ಅನುಮಾನ ಹುಟ್ಟಿಸುವ ಸಾಲುಗಳನ್ನು ಹೆಕ್ಕುವುದು ಅದರ ಕೆಲಸವಾಗಿತ್ತು. ಇಂದು ಜಾವಾಸ್ಕ್ರಿಪ್ಟ್‌ಗೆ ಇಎಸ್‌ಲಿಂಟ್, ಪೈಥಾನ್‌ಗೆ ಪೈಲಿಂಟ್, ಜಾವಾಕ್ಕೆ ಚೆಕ್‌ಸ್ಟೈಲ್ ಮತ್ತು ಸ್ಪಾಟ್‌ಬಗ್ಸ್ ಬಳಕೆಯಲ್ಲಿವೆ.

ಕಾರ್ಯವಿಧಾನ

ವಿಶ್ಲೇಷಕವು ಮೊದಲು ಕೋಡನ್ನು ಪದಗಳಾಗಿ ಒಡೆದು, ವ್ಯಾಕರಣದ ಪ್ರಕಾರ ಮರದಂತಹ ರಚನೆಯಾಗಿ ಜೋಡಿಸುತ್ತದೆ. ಬಳಿಕ ನಿಯಮಗಳನ್ನು ಅದಕ್ಕೆ ಒಂದೊಂದಾಗಿ ಅನ್ವಯಿಸುತ್ತದೆ. ಘೋಷಿಸಿಯೂ ಬಳಸದ ಚರಾಂಶ, ಎಂದಿಗೂ ತಲುಪಲಾಗದ ಸಾಲು, ಎರಡೆರಡು ಕಡೆ ನಕಲಾದ ಭಾಗ, ಅತಿ ಉದ್ದದ ಫಂಕ್ಷನ್ ಇವೆಲ್ಲ ಹೀಗೆ ಪತ್ತೆಯಾಗುತ್ತವೆ.

ಜಟಿಲತೆಯನ್ನು ಅಳೆಯಲು ಥಾಮಸ್ ಮೆಕೇಬ್ 1976ರಲ್ಲಿ ಒಂದು ಅಳತೆಗೋಲು ನೀಡಿದರು. ಫಂಕ್ಷನ್ ಒಂದರಲ್ಲಿರುವ ಕವಲುಗಳ ಸಂಖ್ಯೆಗೆ ಒಂದನ್ನು ಕೂಡಿಸಿದರೆ ಈ ಮೌಲ್ಯ ದೊರೆಯುತ್ತದೆ. ಅದು 10ನ್ನು ಮೀರಿದರೆ ಫಂಕ್ಷನನ್ನು ಒಡೆಯುವುದು ಲೇಸೆಂಬುದು ಅವರ ಸಲಹೆ.

ಕಡೆಗಣಿಸಿದರೆ

2014ರ ಫೆಬ್ರವರಿ 21ರಂದು ಆಪಲ್ ಸಂಸ್ಥೆ ಐಫೋನ್‌ಗೆ ತುರ್ತು ತಿದ್ದುಪಡಿ ಬಿಡುಗಡೆ ಮಾಡಿತು. ಜಾಲತಾಣದ ಸಾಚಾತನವನ್ನು ಪರಿಶೀಲಿಸುವ ಭಾಗದಲ್ಲಿ ‘ಗೋಟು ಫೇಲ್’ ಎಂಬ ಸಾಲು ಎರಡು ಬಾರಿ ಬಂದಿತ್ತು. ಮೇಲಿನ ‘ಇಫ್’ ಷರತ್ತಿಗೆ ಆವರಣ ಚಿಹ್ನೆ ಇರಲಿಲ್ಲ. ಹೀಗಾಗಿ ಎರಡನೆಯ ಸಾಲು ಷರತ್ತಿನ ಹಂಗಿಲ್ಲದೆ ಕಾರ್ಯಗತವಾಗಿ, ಸಹಿ ಪರಿಶೀಲನೆಯೇ ತಪ್ಪಿಹೋಗುತ್ತಿತ್ತು. ಒಂದೇ ಜಾಲದಲ್ಲಿರುವ ವಂಚಕನು ಬ್ಯಾಂಕಿನ ತಾಣದ ಸೋಗು ಹಾಕಲು ಇದರಿಂದ ದಾರಿಯಾಗಿತ್ತು. ಸಾಲಿನ ಅಂಚು ಒಳಕ್ಕೆ ಸರಿದಿದ್ದರಿಂದ ಓದುವ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಆವರಣ ಕಡ್ಡಾಯಗೊಳಿಸುವ ಅಥವಾ ತಲುಪಲಾಗದ ಕೋಡನ್ನು ಹುಡುಕುವ ನಿಯಮ ಜಾರಿಯಲ್ಲಿದ್ದರೆ ಈ ಭಾಗ ಎಚ್ಚರಿಕೆಗೆ ಗುರಿಯಾಗುತ್ತಿತ್ತು. ದಾರಿತಪ್ಪಿಸುವ ಅಂಚನ್ನು ಗುರುತಿಸುವ ಸೌಲಭ್ಯ ಜಿಸಿಸಿ ಕಂಪೈಲರ್‌ಗೆ 2016ರಲ್ಲಿ ಸೇರ್ಪಡೆಯಾಯಿತು.

ಕುರುಡಾಗಿ ನಂಬಿದರೆ

ಉಪಕರಣ ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. ಚಾಲನೆಯ ಸಮಯದಲ್ಲಿ ಸ್ಮೃತಿಯನ್ನು ಪರಿಶೀಲಿಸುವ ವ್ಯಾಲ್‌ಗ್ರೈಂಡ್ ನೀಡಿದ ಎಚ್ಚರಿಕೆಯನ್ನು ನಿವಾರಿಸಲೆಂದು 2006ರಲ್ಲಿ ಡೆಬಿಯನ್ ಲಿನಕ್ಸ್‌ನ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಿಂದ ಸಾಲುಗಳನ್ನು ಕೈಬಿಡಲಾಯಿತು. ಯಾದೃಚ್ಛಿಕ ಸಂಖ್ಯೆಗಳಿಗೆ ಮೂಲದ್ರವ್ಯ ಒದಗಿಸುತ್ತಿದ್ದುದು ಅವೇ ಸಾಲುಗಳು. ಪರಿಣಾಮವಾಗಿ ಪ್ರಕ್ರಿಯೆಯ ಗುರುತು ಸಂಖ್ಯೆಯೊಂದೇ ಉಳಿದು, ಒಂದು ಬಗೆಯ ಗಣಕದಲ್ಲಿ ಒಂದು ಗಾತ್ರದ ರಹಸ್ಯ ಕೀಲಿಗಳ ಸಾಧ್ಯತೆ ಸುಮಾರು 32 ಸಾವಿರಕ್ಕೆ ಕುಸಿಯಿತು. ದೋಷ ಬಹಿರಂಗವಾದದ್ದು 2008ರ ಮೇ ತಿಂಗಳಲ್ಲಿ. ದುರ್ಬಲ ಕೀಲಿಗಳನ್ನೆಲ್ಲ ಹೊಸದಾಗಿ ಸೃಷ್ಟಿಸಬೇಕಾಯಿತು.

ಬಳಕೆಯ ಕ್ರಮ

ಹಳೆಯ ಕೋಡ್‌ಗೆ ಎಲ್ಲ ನಿಯಮಗಳನ್ನೂ ಏಕಕಾಲಕ್ಕೆ ಹೇರಿದರೆ ಸಾವಿರಾರು ಎಚ್ಚರಿಕೆಗಳು ಬಂದು, ತಂಡವು ಅವುಗಳನ್ನು ಓದುವುದನ್ನೇ ನಿಲ್ಲಿಸುತ್ತದೆ. ಆದುದರಿಂದ ಹೊಸದಾಗಿ ಬದಲಾದ ಸಾಲುಗಳಿಗೆ ಮಾತ್ರ ಮೊದಲು ಅನ್ವಯಿಸುವುದು ಸೂಕ್ತ. ಎಚ್ಚರಿಕೆಯೊಂದನ್ನು ತಡೆಹಿಡಿಯುವಾಗ ಅದರ ಕಾರಣವನ್ನು ಪಕ್ಕದಲ್ಲೇ ಬರೆದಿಡಬೇಕು. ಅಂಚು, ಅಂತರ, ಸಾಲಿನ ಉದ್ದಗಳ ಚರ್ಚೆಯನ್ನು ಯಂತ್ರಕ್ಕೆ ಬಿಟ್ಟರೆ ಪರಿಶೀಲಕರ ಸಮಯ ತರ್ಕದ ಕಡೆಗೆ ಉಳಿಯುತ್ತದೆ.

ಚರಾಂಶದ ಹೆಸರು ನಿಯಮಬದ್ಧವಾಗಿದೆಯೇ ಎಂದು ಉಪಕರಣ ತಿಳಿಸಬಲ್ಲದು. ಆ ಹೆಸರು ಅರ್ಥಪೂರ್ಣವೇ, ಸಾಲು ಅಲ್ಲಿರುವುದೇಕೆ ಎಂಬುದನ್ನು ತೀರ್ಮಾನಿಸುವ ಹೊಣೆ ಕೋಡನ್ನು ಓದುವವರದೇ.