ಎಂಜಿನ್ ಇಲ್ಲದೆ ಇಳಿಯುವ ಲೆಕ್ಕ

ಹೆಬ್ಬಾಳದ ಮೇಲ್ಸೇತುವೆ ದಾಟಿ ಯಲಹಂಕದ ಕಡೆ ಹೊರಟರೆ ಬಲಕ್ಕೆ ಸಿಗುವುದು ಜಕ್ಕೂರು ವಿಮಾನ ನಿಲ್ದಾಣ. 1940ರ ದಶಕದ ಕೊನೆಯಲ್ಲಿ ಆರಂಭವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವುದು ಇಲ್ಲೇ. ಇವತ್ತು ಇಲ್ಲಿ ಹಾರುವುದು ಹೆಚ್ಚಾಗಿ ಪುಟ್ಟ ತರಬೇತಿ ವಿಮಾನಗಳು ಮತ್ತು ಮೈಕ್ರೋಲೈಟ್‌ಗಳು. ಗ್ಲೈಡರ್ ಹಾರಾಟಕ್ಕೆ ಹೆಸರಾದದ್ದು ಪುಣೆಯ ಹಡಪ್ಸರ. ಆದರೆ ಎಂಜಿನ್ ನಿಂತ ಗಳಿಗೆಯಿಂದ ಯಾವ ವಿಮಾನವೂ ಗ್ಲೈಡರೇ. ಅದಕ್ಕಾಗಿಯೇ ಎಂಜಿನ್ ಸದ್ದಡಗಿಸಿ ಇಳಿಯುವ ಅಭ್ಯಾಸ ಪ್ರತಿ ವಿದ್ಯಾರ್ಥಿ ಪೈಲಟ್‌ಗೂ ಕಡ್ಡಾಯ.

ಎಂಜಿನ್ ಇರುವವರು ಇಳಿಯುವಾಗ ಅಂದಾಜು ತಪ್ಪಿದರೆ ಥ್ರಾಟಲ್ ತಳ್ಳಿ ಮತ್ತೊಂದು ಸುತ್ತು ಬರಬಹುದು. ಗ್ಲೈಡರ್‌ಗೆ ಎರಡನೆಯ ಅವಕಾಶವಿಲ್ಲ. ಆದ್ದರಿಂದ ಅದರ ಲ್ಯಾಂಡಿಂಗ್ ನೆಲದ ಹತ್ತಿರ ನಿರ್ಧಾರವಾಗುವುದಿಲ್ಲ. ಸಾವಿರ ಅಡಿ ಮೇಲೆ ಇರುವಾಗಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

ಎತ್ತರವೇ ಬಂಡವಾಳ

ಒಂದು ಅಡಿ ಕೆಳಗಿಳಿಯುವಷ್ಟರಲ್ಲಿ ಎಷ್ಟು ಅಡಿ ಮುಂದೆ ಸಾಗಬಹುದು ಎಂಬುದು ಗ್ಲೈಡ್ ಅನುಪಾತ. ತರಬೇತಿಗೆ ಜಗತ್ತಿನಾದ್ಯಂತ ಬಳಸುವ ಜರ್ಮನ್ ಗ್ಲೈಡರ್ ಎಎಸ್‌ಕೆ-21ರ ಅನುಪಾತ ಸುಮಾರು 34. ಗಾಳಿ ನಿಶ್ಚಲವಾಗಿದ್ದರೆ ಸಾವಿರ ಅಡಿಯಿಂದ ಅದು 10 ಕಿ.ಮೀ. ಸಾಗುತ್ತದೆ. ಎಂಜಿನ್ ನಿಂತ ಸೆಸ್ನಾ 172 ಅದೇ ಎತ್ತರದಿಂದ ಹೋಗುವುದು ಮೂರು ಕಿ.ಮೀ.ಗೂ ಕಡಿಮೆ. ಇವು ಕಾಗದದ ಮೇಲಿನ ಅಂಕಿಗಳು. ಎದುರುಗಾಳಿ ಬಂದರೆ, ಕೆಳಮುಖವಾಗಿ ಹರಿಯುವ ಗಾಳಿಗೆ ಸಿಕ್ಕರೆ, ಇದರಲ್ಲಿ ಅರ್ಧ ಕರಗಿಹೋಗಬಹುದು.

ಸರ್ಕ್ಯೂಟ್: ರನ್‌ವೇ ಪಕ್ಕದ ಮೂರು ಹಂತ

ಗ್ಲೈಡರ್ ನೇರವಾಗಿ ರನ್‌ವೇಗೆ ಬಂದು ಇಳಿಯುವುದಿಲ್ಲ. ದೂರದಿಂದ ನೇರ ಬಂದರೆ ಎತ್ತರ ಹೆಚ್ಚೋ ಕಡಿಮೆಯೋ ಎಂದು ಅಳೆಯಲು ಸಮಯ ಸಿಗುವುದಿಲ್ಲ. ಕಡಿಮೆ ಎಂದು ಗೊತ್ತಾಗುವ ಹೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಅದಕ್ಕೇ ರನ್‌ವೇಯ ಬದಿಯಲ್ಲಿ ಒಂದು ಆಯತಾಕಾರದ ದಾರಿ. ನೆಲದಿಂದ ಸುಮಾರು 800ರಿಂದ 1,000 ಅಡಿ ಎತ್ತರದಲ್ಲಿ ಪೈಲಟ್ ಈ ದಾರಿಗೆ ಸೇರಿಕೊಳ್ಳುತ್ತಾನೆ.

ಮೊದಲನೆಯದು ಡೌನ್‌ವಿಂಡ್. ಇಳಿಯುವ ದಿಕ್ಕಿಗೆ ವಿರುದ್ಧವಾಗಿ, ರನ್‌ವೇಗೆ ಸಮಾನಾಂತರವಾಗಿ, ಗಾಳಿ ಬೆನ್ನಿಗಿರುವಂತೆ ಹಾರುವ ಹಂತ. ಗಾಳಿಯ ದಿಕ್ಕು, ರನ್‌ವೇ ಖಾಲಿ ಇದೆಯೇ, ಚಕ್ರ ಕೆಳಗಿದೆಯೇ, ಬೇಗ ಇಳಿಯಲು ರೆಕ್ಕೆಯಲ್ಲಿ ತೆರೆಯುವ ಫಲಕಗಳ, ಅಂದರೆ ಏರ್‌ಬ್ರೇಕ್‌ನ, ಹಿಡಿ ಕೈಗೆ ಸಿಗುತ್ತಿದೆಯೇ ಎಂಬ ತಪಾಸಣೆಯೆಲ್ಲ ಇಲ್ಲಿಯೇ ಮುಗಿಯಬೇಕು. ಇಲ್ಲಿ ಕಣ್ಣು ನೆಡಬೇಕಾದದ್ದು ಎತ್ತರ ತೋರಿಸುವ ಆಲ್ಟಿಮೀಟರ್ ಮೇಲಲ್ಲ, ಇಳಿಯಬೇಕಾದ ಜಾಗ ಕಾಣಿಸುವ ಕೋನದ ಮೇಲೆ. ಕೋನ ಚಪ್ಪಟೆಯಾಗುತ್ತಿದ್ದರೆ ಎತ್ತರ ಕಳೆದುಕೊಳ್ಳುತ್ತಿದ್ದೇವೆ, ರನ್‌ವೇ ಕಡೆಗೆ ಸರಿಯಬೇಕು. ಕಡಿದಾಗಿದ್ದರೆ ದೂರ ಸರಿಯಬೇಕು. ಪರಿಚಯವಿಲ್ಲದ ಹೊಲದಲ್ಲೂ ಈ ಕೋನದ ಅಂದಾಜು ಕೈಬಿಡುವುದಿಲ್ಲ. ಆಲ್ಟಿಮೀಟರ್ ನಂಬಿದವರು ಅಲ್ಲಿ ಮೋಸಹೋಗುತ್ತಾರೆ.

ಎರಡನೆಯದು ಬೇಸ್, ರನ್‌ವೇಗೆ ಅಡ್ಡವಾಗಿ ಸಾಗುವ ಹಂತ. ನನ್ನ ದೃಷ್ಟಿಯಲ್ಲಿ ಇಡೀ ಸರ್ಕ್ಯೂಟಿನಲ್ಲಿ ಇದಕ್ಕಿಂತ ಬೆಲೆಯುಳ್ಳ ಭಾಗವಿಲ್ಲ. ಎತ್ತರ ಹೆಚ್ಚಿದ್ದರೆ ಏರ್‌ಬ್ರೇಕ್ ಸ್ವಲ್ಪ ತೆರೆಯಬಹುದು, ಕಡಿಮೆ ಇದ್ದರೆ ರನ್‌ವೇ ಕಡೆಗೆ ಓರೆಯಾಗಿ ಕತ್ತರಿಸಿ ಬರಬಹುದು. ಹಿಂದಿನ ತಪ್ಪನ್ನು ಸುಲಭವಾಗಿ ತಿದ್ದಿಕೊಳ್ಳುವ ಕೊನೆಯ ಜಾಗ ಇದು.

ಮೂರನೆಯದು ಫೈನಲ್. ರನ್‌ವೇಗೆ ಮುಖಮಾಡಿ ಗಾಳಿಗೆ ಎದುರಾಗಿ ಇಳಿಯುವುದು.

ಕೊನೆಯ ತಿರುವು

ಬೇಸಿನಿಂದ ಫೈನಲ್‌ಗೆ ತಿರುಗುವುದು ಸುಮಾರು 300 ಅಡಿಗಿಂತ ಮೇಲೆಯೇ ಮುಗಿದಿರಬೇಕು. ವಿಮಾನ ವಾಲಿದಷ್ಟೂ ಅದನ್ನು ಎತ್ತಿ ಹಿಡಿಯಲು ಬೇಕಾದ ವೇಗ ಹೆಚ್ಚುತ್ತದೆ. 30 ಡಿಗ್ರಿ ವಾಲಿದರೆ ಸ್ಟಾಲ್ ವೇಗ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ವೇಗ, ಶೇ. 7ರಷ್ಟು ಏರುತ್ತದೆ, 45 ಡಿಗ್ರಿಗೆ ಶೇ. 19, 60 ಡಿಗ್ರಿಗೆ ಶೇ. 41. ಎತ್ತರ ಕಳೆದುಕೊಂಡು ಗಾಬರಿಗೊಂಡ ಪೈಲಟ್ ಮೂತಿ ಮೇಲೆತ್ತಿ ರಡ್ಡರ್ ಒತ್ತಿ ಬೇಗ ತಿರುಗಿಸಲು ಹೋದರೆ ಒಳಗಿನ ರೆಕ್ಕೆ ಮೊದಲು ಸ್ಟಾಲ್ ಆಗಿ, ಗಿರಕಿ ಹೊಡೆಯುತ್ತ ಬೀಳುವ ಸ್ಪಿನ್ ಶುರುವಾಗುತ್ತದೆ. ಅಲ್ಲಿಂದ ಚೇತರಿಸಿಕೊಳ್ಳಲು ಎತ್ತರವೇ ಸಾಲದು. ರನ್‌ವೇ ತಲುಪಲಾಗದಿದ್ದರೆ ರೆಕ್ಕೆ ಮಟ್ಟಸವಾಗಿಟ್ಟುಕೊಂಡು ಎದುರಿಗೆ ಸಿಕ್ಕ ಜಾಗದಲ್ಲಿ ಇಳಿಯುವುದೇ ಮೇಲು. ಗ್ಲೈಡರ್ ಜಜ್ಜಿಹೋದರೂ ಜೀವ ಉಳಿಯುವ ಸಾಧ್ಯತೆ ಹೆಚ್ಚು.

ಹೆಚ್ಚಾದ ಎತ್ತರವನ್ನು ಕಳೆಯುವುದು

ಫೈನಲ್‌ನಲ್ಲಿ ಏರ್‌ಬ್ರೇಕ್ ಅರ್ಧ ತೆರೆದಿರುವಂತೆ ಯೋಜಿಸುವುದು ಒಳ್ಳೆಯ ಪದ್ಧತಿ. ಎತ್ತರ ಕಡಿಮೆ ಎನಿಸಿದರೆ ಮುಚ್ಚಬಹುದು, ಹೆಚ್ಚೆನಿಸಿದರೆ ಇನ್ನಷ್ಟು ತೆರೆಯಬಹುದು. ವೇಗಕ್ಕೂ ಒಂದು ಸರಳ ಸೂತ್ರವಿದೆ: ಸ್ಟಾಲ್ ವೇಗದ 1.3ರಷ್ಟು, ಅದಕ್ಕೆ ಎದುರುಗಾಳಿಯ ಅರ್ಧ. ಗಂಟೆಗೆ 65 ಕಿ.ಮೀ.ಗೆ ಸ್ಟಾಲ್ ಆಗುವ ಗ್ಲೈಡರ್ 20 ಕಿ.ಮೀ. ಗಾಳಿಯಲ್ಲಿ ಸುಮಾರು 95ರಲ್ಲಿ ಬರಬೇಕು. ನೆಲಕ್ಕೆ ಹತ್ತಿರವಾದಂತೆ ಎದುರುಗಾಳಿ ಇಳಿಮುಖವಾಗುವುದರಿಂದ ಈ ಹೆಚ್ಚಿನ ವೇಗ ಬೇಕು.

ಏರ್‌ಬ್ರೇಕ್ ಇಲ್ಲದಾಗ ಉಳಿಯುವ ಉಪಾಯ ಸ್ಲಿಪ್: ಒಂದು ರೆಕ್ಕೆ ತಗ್ಗಿಸಿ ವಿರುದ್ಧ ರಡ್ಡರ್ ಒತ್ತಿ, ಪಕ್ಕವನ್ನು ಗಾಳಿಗೆ ಒಡ್ಡಿ ಜಾರುವುದು. 1983ರ ಜುಲೈ 23ರಂದು ಇಂಧನ ಮುಗಿದ ಏರ್ ಕೆನಡಾದ ಬೋಯಿಂಗ್ 767 ಅನ್ನು ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದ್ದು ಹೀಗೆಯೇ. ಅವರು ಪಳಗಿದ ಗ್ಲೈಡರ್ ಪೈಲಟ್. ಯಾರೂ ಸಾಯಲಿಲ್ಲ.

ಮೂರು ಸಾವಿರ ಅಡಿಯ ಊರು

ಬೆಂಗಳೂರಿನ ಉತ್ತರ ಭಾಗ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಆಲ್ಟಿಮೀಟರನ್ನು ಸಮುದ್ರ ಮಟ್ಟಕ್ಕೆ ಹೊಂದಿಸಿದ್ದರೆ ಜಕ್ಕೂರಿನ ನೆಲದ ಮೇಲೆ ನಿಂತಾಗಲೂ ಮುಳ್ಳು 3,000ದ ಹತ್ತಿರವಿರುತ್ತದೆ. 800 ಅಡಿಯ ಸರ್ಕ್ಯೂಟ್ ಎಂದರೆ ಅದರಲ್ಲಿ 3,800.

ಇದಕ್ಕಿಂತ ಸೂಕ್ಷ್ಮವಾದದ್ದು ಗಾಳಿಯ ಸಾಂದ್ರತೆ. ಏಪ್ರಿಲ್ ಮಧ್ಯಾಹ್ನದ 30 ಡಿಗ್ರಿ ಬಿಸಿಯಲ್ಲಿ ಇಲ್ಲಿನ ಗಾಳಿ ಸುಮಾರು 5,500 ಅಡಿ ಎತ್ತರದ ಗಾಳಿಯಷ್ಟು ತೆಳುವಾಗುತ್ತದೆ. ವೇಗಮಾಪಕ ಎಂದಿನ ಅಂಕಿಯನ್ನೇ ತೋರಿಸುತ್ತಿದ್ದರೂ ನಿಜವಾದ ವೇಗ ಶೇ. 8ರಷ್ಟು ಹೆಚ್ಚಿರುತ್ತದೆ, ನೆಲ ಮುಟ್ಟಿದ ಮೇಲಿನ ಓಟವೂ ಉದ್ದವಾಗುತ್ತದೆ. ನೆಲ ವೇಗವಾಗಿ ಓಡಿದಂತೆ ಕಂಡು ಮೂತಿ ಎತ್ತುವ ಚಪಲ ಹುಟ್ಟುವುದು ಇಲ್ಲಿಯೇ. ಮಾಪಕವನ್ನೇ ನಂಬಬೇಕು.

ಜಕ್ಕೂರಿನ ರನ್‌ವೇ 08/26, ಅಂದರೆ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ, ಆಗ ಪಶ್ಚಿಮಕ್ಕೆ ಮುಖ ಮಾಡಿ ಇಳಿಯಬೇಕು. ಚಳಿಗಾಲದ ಮೂಡುಗಾಳಿಯಲ್ಲಿ ಪೂರ್ವಕ್ಕೆ. ಆಗ ಬಳ್ಳಾರಿ ರಸ್ತೆಯ ಎತ್ತರಿಸಿದ ಹೆದ್ದಾರಿಯನ್ನು ದಾಟಿ ಬರಬೇಕಾಗುತ್ತದೆ. ಸುತ್ತಲೂ ಜಕ್ಕೂರು, ರಾಚೇನಹಳ್ಳಿ, ಅಲ್ಲಾಳಸಂದ್ರ ಕೆರೆಗಳು. ಹಗಲಿನಲ್ಲಿ ನೀರು ನೆಲಕ್ಕಿಂತ ತಂಪಾಗಿರುವುದರಿಂದ ಕೆರೆಯ ಮೇಲೆ ಥರ್ಮಲ್, ಅಂದರೆ ಮೇಲೇರುವ ಬಿಸಿಗಾಳಿ, ಸಾಮಾನ್ಯವಾಗಿ ಸಿಗುವುದಿಲ್ಲ, ಗಾಳಿ ಕುಸಿಯುವುದೇ ಹೆಚ್ಚು. ಕೆರೆ ದಾಟುವ ಮುನ್ನ ಕೈಯಲ್ಲಿ ಒಂದಿಷ್ಟು ಎತ್ತರ ಮಿಕ್ಕಿರಲಿ.

ಹೊಲದಲ್ಲಿ ಇಳಿಯಬೇಕಾಗಿ ಬಂದರೆ

2,000 ಅಡಿಗೆ ಪ್ರದೇಶ, 1,500ಕ್ಕೆ ಹೊಲ, 1,000ಕ್ಕೆ ಸರ್ಕ್ಯೂಟ್ — ತೀರ್ಮಾನಗಳು ಈ ಕ್ರಮದಲ್ಲಿ ಆಗಬೇಕು. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಕೊಯ್ಲಾದ ರಾಗಿ ಹೊಲ ಒಳ್ಳೆಯ ಆಯ್ಕೆ, ಆದರೆ ಬದುವಿಗೆ ಸಮಾನಾಂತರವಾಗಿ ಇಳಿಯಬೇಕು. ಮೇಲಿನಿಂದ ಹಸಿರಾಗಿ, ಮಟ್ಟಸವಾಗಿ ಕಾಣುವ ದ್ರಾಕ್ಷಿ ತೋಟದ ಕೆಳಗೆ ಕಲ್ಲುಕಂಬಗಳೂ ತಂತಿಗಳೂ ಇರುತ್ತವೆ. ಅದರ ಹತ್ತಿರ ಸುಳಿಯಲೇಬಾರದು. ವಿದ್ಯುತ್ ತಂತಿ ಮೇಲಿನಿಂದ ಕಾಣುವುದಿಲ್ಲ, ಕಂಬ ಕಾಣುತ್ತದೆ. ಎರಡು ಕಂಬದ ನಡುವೆ ತಂತಿ ಇದ್ದೇ ಇದೆ ಎಂದು ತಿಳಿಯಬೇಕು.

ಚಿತ್ರದುರ್ಗದಲ್ಲಿ ಇಳಿದ ಪುಷ್ಪಕ

ಎಂಜಿನ್ ಇಲ್ಲದ ಲ್ಯಾಂಡಿಂಗಿನ ದೊಡ್ಡ ಪ್ರಯೋಗ ನಡೆದದ್ದೂ ಕರ್ನಾಟಕದಲ್ಲೇ. ಇಸ್ರೋ ತನ್ನ ಮರುಬಳಕೆಯ ರೆಕ್ಕೆ ವಾಹನವನ್ನು 2023ರ ಏಪ್ರಿಲ್ 2ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್‌ನಿಂದ ಬಿಟ್ಟು ಚಳ್ಳಕೆರೆಯ ಪರೀಕ್ಷಾ ರನ್‌ವೇ ಮೇಲೆ ಇಳಿಸಿತು. 2024ರ ಜೂನ್ 23ರ ಮೂರನೆಯ ಪ್ರಯೋಗದಲ್ಲಿ ಪುಷ್ಪಕ ಎಂಬ ಹೆಸರಿನ ಈ ವಾಹನವನ್ನು 4.5 ಕಿ.ಮೀ. ಎತ್ತರದಲ್ಲಿ, ರನ್‌ವೇಯಿಂದ 4.5 ಕಿ.ಮೀ. ದೂರದಲ್ಲಿ, 500 ಮೀಟರ್ ಪಕ್ಕಕ್ಕೆ ಬಿಡಲಾಯಿತು. ಅದೇ ಎತ್ತರದಿಂದ ಎಎಸ್‌ಕೆ-21 ಸುಮಾರು 150 ಕಿ.ಮೀ. ತೇಲುತ್ತಿತ್ತು. ಮೋಟು ರೆಕ್ಕೆಯ ಪುಷ್ಪಕ ಕಡಿದಾಗಿ ಧುಮುಕಿ, ಪಕ್ಕದ ಅಂತರವನ್ನು ತಾನೇ ಸರಿಪಡಿಸಿಕೊಂಡು, ಗಂಟೆಗೆ 320 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ನೆಲ ಮುಟ್ಟಿತು. ಪ್ಯಾರಾಚೂಟ್ ಅದನ್ನು 100ರ ಸಮೀಪಕ್ಕೆ ತಂದಿತು. ಅದನ್ನು ನಡೆಸಿದ್ದು ಕಂಪ್ಯೂಟರ್, ಆದರೂ ಲೆಕ್ಕ ಅದೇ: ಉಳಿದ ಎತ್ತರ, ಉಳಿದ ದೂರ, ಕೈಯಲ್ಲಿರುವ ವೇಗ.

ಊರಿನವರ ಪಾಲು

ಫೈನಲ್‌ನ ಕೊನೆಯ 300 ಅಡಿಯಲ್ಲಿ ಹದ್ದು ಎದುರಾದರೆ ತಪ್ಪಿಸಿಕೊಳ್ಳಲು ಪೈಲಟ್‌ಗೆ ಎತ್ತರವೂ ಇಲ್ಲ, ಎಂಜಿನ್ ಇಲ್ಲದಿದ್ದರೆ ಶಕ್ತಿಯೂ ಇಲ್ಲ. ವಿಮಾನ ನಿಲ್ದಾಣದ 10 ಕಿ.ಮೀ. ವ್ಯಾಪ್ತಿಯಲ್ಲಿ ಹಕ್ಕಿಗಳನ್ನು ಸೆಳೆಯುವಂತೆ ಮಾಂಸದ ತ್ಯಾಜ್ಯ, ಕಸ ಬಿಸಾಡುವುದನ್ನು ವಿಮಾನಯಾನ ನಿಯಮಗಳು ನಿಷೇಧಿಸಿವೆ. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವ ದಿನಗಳಲ್ಲಿ ಇದು ಬಿಗಿಯಾಗಿ ಜಾರಿಯಾಗುತ್ತದೆ. ಆದರೆ ಜಕ್ಕೂರಿನಲ್ಲಿ ಹಾರಾಟ ವರ್ಷವಿಡೀ ಇದೆ. ಹೆಬ್ಬಾಳ, ಜಕ್ಕೂರು, ಯಲಹಂಕದ ನಿವಾಸಿಗಳು ಖಾಲಿ ನಿವೇಶನಕ್ಕೂ ಕೆರೆಯಂಚಿಗೂ ಮಾಂಸದ ತ್ಯಾಜ್ಯ ಎಸೆಯದಿರಲಿ, ಎಸೆಯುವವರನ್ನು ತಡೆಯಲಿ.