ವೆಬ್ ಪುಟ ರಚನೆ: ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್

ವೆಬ್ ಪುಟವೊಂದರಲ್ಲಿ ಯಾವುದು ಶೀರ್ಷಿಕೆ, ಯಾವುದು ಪ್ಯಾರಾ, ಯಾವುದು ಪಟ್ಟಿ, ಯಾವುದು ಕೊಂಡಿ ಎಂದು ಗುರುತು ಹಾಕಿ ತಿಳಿಸುವ ಭಾಷೆ ಎಚ್‌ಟಿಎಂಎಲ್, ಅಂದರೆ ಹೈಪರ್‌ಟೆಕ್ಸ್ಟ್ ಮಾರ್ಕಪ್ ಲ್ಯಾಂಗ್ವೇಜ್. ಆ ಪುಟ ಕಣ್ಣಿಗೆ ಹೇಗೆ ಕಾಣಬೇಕು, ಅಕ್ಷರದ ಗಾತ್ರ, ಬಣ್ಣ, ಅಂತರ, ಜೋಡಣೆ ಹೇಗಿರಬೇಕು ಎಂದು ಹೇಳುವುದು ಸಿಎಸ್‌ಎಸ್, ಅಂದರೆ ಕ್ಯಾಸ್ಕೇಡಿಂಗ್ ಸ್ಟೈಲ್ ಶೀಟ್ಸ್. ಇವೆರಡನ್ನೂ ಓದಿ ಪುಟವನ್ನು ತೆರೆಯ ಮೇಲೆ ಮೂಡಿಸುವ ಕೆಲಸ ಬ್ರೌಸರ್‌ನದು. ಕಲಿಯಲು ನೋಟ್‌ಪ್ಯಾಡ್‌ನಂಥ ಒಂದು ಸಾದಾ ಎಡಿಟರ್, ಒಂದು ಬ್ರೌಸರ್ ಇದ್ದರೆ ಸಾಕು. ಬರೆದ ಫೈಲನ್ನು ಉಳಿಸಿ ಬ್ರೌಸರ್‌ನಲ್ಲಿ ತೆರೆದರೆ ಇಂಟರ್ನೆಟ್ ಇಲ್ಲದಿದ್ದರೂ ಪುಟ ಕಾಣಿಸುತ್ತದೆ. ಪುಟದ ಅರ್ಥವನ್ನೂ ರೂಪವನ್ನೂ ಬೇರೆ ಬೇರೆಯಾಗಿ ಇಡುವುದೇ ಈ ಜೋಡಿಯ ತಿರುಳು.

ಹುಟ್ಟು ಮತ್ತು ಬೆಳವಣಿಗೆ

ಜಿನೀವಾ ಬಳಿಯ ಸರ್ನ್ ಭೌತವಿಜ್ಞಾನ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ, ಸಂಶೋಧಕರ ದಾಖಲೆಗಳನ್ನು ಕೊಂಡಿಗಳ ಮೂಲಕ ಹೆಣೆಯುವ ಯೋಜನೆಯನ್ನು 1989ರ ಮಾರ್ಚ್‌ನಲ್ಲಿ ಮುಂದಿಟ್ಟರು. 1990ರ ಕೊನೆಯ ಹೊತ್ತಿಗೆ ಮೊದಲ ಬ್ರೌಸರ್ ಮತ್ತು ಸರ್ವರ್ ಸಿದ್ಧವಾದವು. ಅಲ್ಲಿ ಆಗಲೇ ಬಳಕೆಯಲ್ಲಿದ್ದ ಎಸ್‌ಜಿಎಂಎಲ್ ಎಂಬ ಗುರುತುಭಾಷೆಯ ಮಾದರಿಯಲ್ಲಿ ಎಚ್‌ಟಿಎಂಎಲ್ ರೂಪುಗೊಂಡಿತು. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಜ್ಞಾನವನ್ನು ಯಾರು ಬೇಕಾದರೂ ಬಳಸುವಂತೆ ಬಿಟ್ಟುಕೊಟ್ಟಿತು. ವೆಬ್ ಇಷ್ಟು ಬೇಗ ಹರಡಲು ಇದೊಂದು ಮುಖ್ಯ ಕಾರಣ.

ಮೊದಮೊದಲು ಪುಟದ ಅಂದಚಂದವನ್ನು ತಿದ್ದಲು ಬರೆದವರಿಗೆ ದಾರಿಯೇ ಇರಲಿಲ್ಲ. ಬೇಡಿಕೆ ಹೆಚ್ಚಿದಂತೆ ಬ್ರೌಸರ್ ಕಂಪನಿಗಳು ಅಕ್ಷರದ ಬಣ್ಣ, ಗಾತ್ರ ಹೇಳುವ ಟ್ಯಾಗ್‌ಗಳನ್ನು ಎಚ್‌ಟಿಎಂಎಲ್‌ಗೇ ಸೇರಿಸತೊಡಗಿದವು. ನೂರು ಪುಟಗಳ ತಾಣದಲ್ಲಿ ಶೀರ್ಷಿಕೆಯ ಬಣ್ಣ ಬದಲಿಸಬೇಕಾದರೆ ನೂರೂ ಪುಟಗಳನ್ನು ತೆರೆದು ತಿದ್ದಬೇಕಾಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಹೋಕೊನ್ ವಿಯುಮ್ ಲೀ 1994ರ ಅಕ್ಟೋಬರ್‌ನಲ್ಲಿ ಸಿಎಸ್‌ಎಸ್‌ನ ಪ್ರಸ್ತಾವ ಮಂಡಿಸಿದರು. ಬರ್ಟ್ ಬಾಸ್ ಅವರೊಡನೆ ಅದನ್ನು ಬೆಳೆಸಿದರು. 1996ರ ಡಿಸೆಂಬರ್‌ನಲ್ಲಿ ವೆಬ್ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಒಕ್ಕೂಟ ಅದರ ಮೊದಲ ಆವೃತ್ತಿಗೆ ಮಾನ್ಯತೆ ನೀಡಿತು. ಎಚ್‌ಟಿಎಂಎಲ್5 ಇದೇ ಒಕ್ಕೂಟದ ಶಿಫಾರಸಾಗಿ 2014ರ ಅಕ್ಟೋಬರ್‌ನಲ್ಲಿ ಹೊರಬಂತು. 2019ರ ಒಪ್ಪಂದದ ನಂತರ ಎಚ್‌ಟಿಎಂಎಲ್ ಮಾನಕವನ್ನು ವಾಟ್‌ವಿಜಿ ಎಂಬ ಗುಂಪು ನಿರಂತರವಾಗಿ ಪರಿಷ್ಕರಿಸುತ್ತಿದೆ.

ಎಚ್‌ಟಿಎಂಎಲ್‌ನ ರಚನೆ

ಎಚ್‌ಟಿಎಂಎಲ್‌ನ ಮೂಲ ಘಟಕ ಎಲಿಮೆಂಟ್. ಕೋನ ಆವರಣದೊಳಗೆ ಬರೆದ ಆರಂಭದ ಟ್ಯಾಗ್, ನಡುವೆ ವಿಷಯ, ಓರೆಗೆರೆ ಸೇರಿಸಿದ ಮುಕ್ತಾಯದ ಟ್ಯಾಗ್, ಇಷ್ಟು ಸೇರಿದರೆ ಸಾಮಾನ್ಯವಾಗಿ ಒಂದು ಎಲಿಮೆಂಟ್. ಟ್ಯಾಗ್‌ಗಳ ಹೆಸರನ್ನು ರೋಮನ್ ಲಿಪಿಯಲ್ಲೇ ಬರೆಯಬೇಕು. ನಡುವಿನ ವಿಷಯ ಯಾವ ಲಿಪಿಯಲ್ಲಾದರೂ ಇರಬಹುದು. ಪ್ಯಾರಾಕ್ಕೆ ‘ಪಿ’, ಶೀರ್ಷಿಕೆಗಳಿಗೆ ‘ಎಚ್1’ರಿಂದ ‘ಎಚ್6’, ಕೊಂಡಿಗೆ ‘ಎ’, ಪಟ್ಟಿಯ ಅಂಶಕ್ಕೆ ‘ಎಲ್‌ಐ’ ಟ್ಯಾಗ್ ಇದೆ. ಚಿತ್ರದ ‘ಐಎಂಜಿ’ಯಂಥ ಕೆಲವಕ್ಕೆ ಮುಕ್ತಾಯದ ಟ್ಯಾಗ್ ಇರುವುದಿಲ್ಲ.

ಇಡೀ ಪುಟಕ್ಕೆ ಎರಡು ಭಾಗ. ‘ಹೆಡ್’ನಲ್ಲಿ ಪುಟದ ಹೆಸರು, ಅಕ್ಷರ ಸಂಕೇತ, ಸಿಎಸ್‌ಎಸ್ ಫೈಲಿನ ಕೊಂಡಿ ಇರುತ್ತವೆ. ‘ಬಾಡಿ’ಯಲ್ಲಿ ಓದುಗರು ಕಾಣುವ ವಿಷಯ ಇರುತ್ತದೆ. ‘ಹೆಡರ್’, ‘ನ್ಯಾವ್’, ‘ಮೇನ್’, ‘ಆರ್ಟಿಕಲ್’, ‘ಫುಟರ್’ ಟ್ಯಾಗ್‌ಗಳು ಆ ವಿಷಯದ ಯಾವ ಭಾಗ ಏನು ಎಂಬುದನ್ನು ತಿಳಿಸುತ್ತವೆ.

ಟ್ಯಾಗ್ ಆಯುವಾಗ ನೋಡಬೇಕಾದದ್ದು ಅರ್ಥ, ಗಾತ್ರವಲ್ಲ. ಅಕ್ಷರ ದೊಡ್ಡದಾಗಿ ಕಾಣುತ್ತದೆ ಎಂದು ಸಾಮಾನ್ಯ ವಾಕ್ಯಕ್ಕೆ ‘ಎಚ್1’ ಹಾಕುವುದು ತಪ್ಪು. ದೃಷ್ಟಿ ಇಲ್ಲದವರು ಬಳಸುವ ಸ್ಕ್ರೀನ್ ರೀಡರ್ ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಅದನ್ನು ಬಳಸುವವರು ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯುತ್ತ ತಮಗೆ ಬೇಕಾದದ್ದನ್ನು ಹುಡುಕುತ್ತಾರೆ. ಶೀರ್ಷಿಕೆಗಳ ಶ್ರೇಣಿ ತಪ್ಪಿದರೆ ಅವರಿಗೆ ದಾರಿಯೇ ತಪ್ಪುತ್ತದೆ. ಚಿತ್ರಕ್ಕೆ ‘ಆಲ್ಟ್’ ವಿವರಣೆ ಬರೆಯದಿದ್ದರೆ ಚಿತ್ರದ ಬದಲು ಅರ್ಥವಿಲ್ಲದ ಫೈಲಿನ ಹೆಸರು ಕೇಳಿಸಬಹುದು. ಒಂದು ಸಾಲಿನ ವಿವರಣೆ ಬರೆಯುವುದು ಕ್ಷಣದ ಕೆಲಸ. ಅದನ್ನು ಬಿಟ್ಟರೆ ಒಬ್ಬ ಓದುಗರನ್ನು ಹೊರಗೆ ನಿಲ್ಲಿಸಿದಂತೆ.

ಸಿಎಸ್‌ಎಸ್‌ನ ನಿಯಮಗಳು

ಸಿಎಸ್‌ಎಸ್ ನಿಯಮದಲ್ಲಿ ಮೊದಲು ಸೆಲೆಕ್ಟರ್ ಬರುತ್ತದೆ. ನಿಯಮ ಯಾವ ಎಲಿಮೆಂಟ್‌ಗೆ ಅನ್ವಯಿಸುತ್ತದೆ ಎಂದು ಹೇಳುವುದು ಅದೇ. ಆಮೇಲೆ ಪುಷ್ಪಾವರಣದೊಳಗೆ ಗುಣ, ಕೋಲನ್, ಬೆಲೆ, ಸೆಮಿಕೋಲನ್ ಈ ಕ್ರಮದಲ್ಲಿ ಘೋಷಣೆಗಳು. ಬಣ್ಣ ಹೇಳುವ ಸಾಲಿನ ಕೊನೆಯಲ್ಲಿ ಸೆಮಿಕೋಲನ್ ಬಿಟ್ಟುಹೋಯಿತು ಎನ್ನೋಣ. ಮುಂದಿನ ಸಾಲಿನ ಅಕ್ಷರದ ಗಾತ್ರವೂ ಬಣ್ಣದ ಬೆಲೆಯ ಭಾಗವೆಂದು ಬ್ರೌಸರ್ ತಿಳಿಯುತ್ತದೆ. ಅದು ಅರ್ಥವಾಗದೆ ಎರಡನ್ನೂ ಕೈಬಿಡುತ್ತದೆ. ತೆರೆಯ ಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಹೀಗಾಗಿ ನಿಯಮ ಕೆಲಸ ಮಾಡದಿದ್ದಾಗ ಅದರ ಮೇಲಿನ ಸಾಲನ್ನೂ ನೋಡಬೇಕು.

ಒಂದೇ ಎಲಿಮೆಂಟ್‌ಗೆ ಎರಡು ನಿಯಮಗಳು ಬೇರೆ ಬೇರೆ ಬಣ್ಣ ಹೇಳಿದರೆ ಯಾವುದು ಗೆಲ್ಲುತ್ತದೆ? ಸಾಮಾನ್ಯವಾಗಿ ಒಂದೇ ಎಲಿಮೆಂಟ್‌ಗೆ ಇಟ್ಟ ಹೆಸರನ್ನು, ಅಂದರೆ ಐಡಿಯನ್ನು, ಹಿಡಿಯುವ ಸೆಲೆಕ್ಟರ್ ಹಲವು ಎಲಿಮೆಂಟ್‌ಗಳಿಗೆ ಇಡಬಹುದಾದ ಗುಂಪಿನ ಹೆಸರಾದ ಕ್ಲಾಸ್‌ಗಿಂತ ಬಲಶಾಲಿ, ಕ್ಲಾಸ್ ಬರಿಯ ಟ್ಯಾಗ್ ಹೆಸರಿಗಿಂತ ಬಲಶಾಲಿ. ಬಲ ಸಮವಾದರೆ ಕೊನೆಗೆ ಬಂದದ್ದು ಗೆಲ್ಲುತ್ತದೆ. ಅಕ್ಷರದ ಬಣ್ಣ, ಫಾಂಟ್ ಮುಂತಾದವು ಹೊರಗಿನ ಎಲಿಮೆಂಟ್‌ನಿಂದ ಒಳಗಿನದಕ್ಕೆ ತಾವಾಗಿ ಇಳಿದುಬರುತ್ತವೆ. ಅಂಚು, ಮಾರ್ಜಿನ್‌ಗಳು ಹಾಗೆ ಬರುವುದಿಲ್ಲ.

ಬಾಕ್ಸ್ ಮಾದರಿ ಮತ್ತು ಜೋಡಣೆ

ಬ್ರೌಸರ್ ಎಲಿಮೆಂಟ್‌ಗಳನ್ನು ಆಯತಾಕಾರದ ಬಾಕ್ಸ್‌ಗಳಾಗಿ ಕಾಣುತ್ತದೆ. ಒಳಗೆ ವಿಷಯ, ಅದರ ಸುತ್ತ ಪ್ಯಾಡಿಂಗ್, ಆಮೇಲೆ ಬಾರ್ಡರ್, ಹೊರಗೆ ಮಾರ್ಜಿನ್. ಅಗಲ 300 ಪಿಕ್ಸೆಲ್ ಎಂದು ಬರೆದು ಎಲ್ಲ ಕಡೆ 20 ಪಿಕ್ಸೆಲ್ ಪ್ಯಾಡಿಂಗ್, 5 ಪಿಕ್ಸೆಲ್ ಬಾರ್ಡರ್ ಕೊಟ್ಟರೆ ತೆರೆಯ ಮೇಲೆ ಬಾಕ್ಸ್ 350 ಪಿಕ್ಸೆಲ್ ಅಗಲವಾಗುತ್ತದೆ. ಎಡಬಲಗಳ 40 ಮತ್ತು 10 ಸೇರಿಕೊಂಡವು. ‘ಬಾಕ್ಸ್-ಸೈಜಿಂಗ್’ ಗುಣಕ್ಕೆ ‘ಬಾರ್ಡರ್-ಬಾಕ್ಸ್’ ಬೆಲೆ ಕೊಟ್ಟರೆ ಒಟ್ಟು ಅಗಲ 300ರಲ್ಲೇ ನಿಂತು ವಿಷಯಕ್ಕೆ 250 ಉಳಿಯುತ್ತದೆ. ಪಕ್ಕಪಕ್ಕ ಇರಬೇಕಾದ ಅಂಕಣಗಳು ಕೆಳಗೆ ಜಾರಿದಾಗ ಮೊದಲು ಈ ಲೆಕ್ಕ ನೋಡಬೇಕು.

ಹಿಂದೆ ಪುಟವನ್ನು ಅಂಕಣಗಳಾಗಿ ಹಂಚಲು ಅಂಕಿಅಂಶಕ್ಕೆಂದು ಇದ್ದ ಟೇಬಲ್ ಟ್ಯಾಗನ್ನೂ, ನಂತರ ‘ಫ್ಲೋಟ್’ ಗುಣವನ್ನೂ ಬಳಸುತ್ತಿದ್ದರು. ಈಗ ಒಂದೇ ಸಾಲಿನ ಜೋಡಣೆಗೆ ಫ್ಲೆಕ್ಸ್‌ಬಾಕ್ಸ್, ಅಡ್ಡ ಮತ್ತು ಉದ್ದ ಎರಡೂ ದಿಕ್ಕಿನ ಜೋಡಣೆಗೆ 2017ರಿಂದ ಪ್ರಮುಖ ಬ್ರೌಸರ್‌ಗಳಲ್ಲಿ ಬಂದ ಗ್ರಿಡ್ ಇವೆ. ಮೊಬೈಲ್‌ಗೂ ದೊಡ್ಡ ತೆರೆಗೂ ಒಂದೇ ಪುಟ ಹೊಂದಿಕೊಳ್ಳುವ ವಿನ್ಯಾಸಕ್ಕೆ ‘ರೆಸ್ಪಾನ್ಸಿವ್’ ಎಂಬ ಹೆಸರನ್ನು 2010ರಲ್ಲಿ ಈಥನ್ ಮಾರ್ಕಾಟ್ ಕೊಟ್ಟರು. ತೆರೆಯ ಅಗಲಕ್ಕೆ ತಕ್ಕಂತೆ ನಿಯಮ ಬದಲಿಸುವ ಮೀಡಿಯಾ ಕ್ವೆರಿ ಇದರ ಮುಖ್ಯ ಸಾಧನ.

ಕನ್ನಡ ಪುಟಗಳಲ್ಲಿ ಗಮನಿಸಬೇಕಾದದ್ದು

ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡ ಪುಟ ಓದಲು ಅದರಲ್ಲಿ ಬಳಸಿದ ಫಾಂಟೇ ಓದುಗರ ಕಂಪ್ಯೂಟರಿನಲ್ಲಿ ಬೇಕಿತ್ತು; ಇಲ್ಲವಾದರೆ ಚಿತ್ರವಿಚಿತ್ರ ರೋಮನ್ ಚಿಹ್ನೆಗಳು ಕಾಣುತ್ತಿದ್ದವು. ಈಗ ಕನ್ನಡದ ಪ್ರತಿ ಅಕ್ಷರಕ್ಕೂ ಸ್ಥಿರವಾದ ಸಂಕೇತವಿದೆ. ಆದರೂ ‘ಹೆಡ್’ನಲ್ಲಿ ಅಕ್ಷರ ಸಂಕೇತ ಯುಟಿಎಫ್-8 ಎಂದು ನಮೂದಿಸಲು ಮರೆಯಬಾರದು. ಪುಟದ ಭಾಷೆ ಕನ್ನಡವೆಂದು ‘ಲ್ಯಾಂಗ್’ ಗುಣದಲ್ಲಿ ‘ಕೆಎನ್’ ಸಂಕೇತ ಕೊಟ್ಟರೆ ಸ್ಕ್ರೀನ್ ರೀಡರ್‌ಗೆ ಕನ್ನಡದ ಧ್ವನಿಯನ್ನು ಆರಿಸಿಕೊಳ್ಳಲು ಸಾಧ್ಯವಾಗುತ್ತದೆ.

ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುತ್ತವೆ, ಗುಣಿತದ ಚಿಹ್ನೆಗಳು ಮೇಲಕ್ಕೆ ಏರುತ್ತವೆ. ಇಂಗ್ಲಿಷ್ ಪುಟದ ‘ಲೈನ್-ಹೈಟ್’ ಅನ್ನು ಹಾಗೇ ಇಟ್ಟರೆ ಸಾಲುಗಳು ಒತ್ತೊತ್ತಾಗಿ ಕಾಣಬಹುದು; ಅದನ್ನು 1.6ರ ಆಸುಪಾಸಿಗೆ ಏರಿಸಿದರೆ ಓದು ಹಗುರ. ನಮ್ಮ ಸಮಾಸಪದಗಳು ಉದ್ದವಾದ್ದರಿಂದ ಮೊಬೈಲ್‌ನ ಕಿರಿದಾದ ತೆರೆಯಲ್ಲಿ ಎರಡೂ ಅಂಚು ಸಮಮಾಡಿದರೆ ಪದಗಳ ನಡುವೆ ದೊಡ್ಡ ಖಾಲಿ ಜಾಗ ಬೀಳುತ್ತದೆ. ಎಡಕ್ಕೆ ಮಾತ್ರ ಸಮಮಾಡುವುದು ಒಳ್ಳೆಯದು. ಪಟ್ಟಿಗೆ ೧, ೨, ೩ ಎಂಬ ಅಂಕಿಗಳನ್ನೇ ಹಾಕಲು ಸಿಎಸ್‌ಎಸ್‌ನಲ್ಲಿ ‘ಕನ್ನಡ’ ಎಂಬ ಹೆಸರಿನ ಪಟ್ಟಿ ಶೈಲಿ ಸಿದ್ಧವಾಗಿದೆ.

ಕಲಿಕೆಯ ಕ್ರಮ

ಮೊದಲು ಸಿಎಸ್‌ಎಸ್ ಇಲ್ಲದೆ ಒಂದು ಪುಟ ಬರೆಯಬೇಕು. ಬಣ್ಣ, ಅಲಂಕಾರ ಏನೂ ಇಲ್ಲದೆಯೂ ಅದು ಮೇಲಿನಿಂದ ಕೆಳಗೆ ಓದಿದರೆ ಅರ್ಥವಾಗುವಂತಿದ್ದರೆ ರಚನೆ ಸರಿಯಾಗಿದೆ ಎಂದರ್ಥ. ಆಮೇಲೆ ಬೇರೆ ಫೈಲಿನಲ್ಲಿ ಸಿಎಸ್‌ಎಸ್ ಬರೆದು ಜೋಡಿಸಬೇಕು: ಮೊದಲು ಅಕ್ಷರ ಮತ್ತು ಬಣ್ಣ, ನಂತರ ಬಾಕ್ಸ್ ಮಾದರಿ, ಕೊನೆಗೆ ಫ್ಲೆಕ್ಸ್‌ಬಾಕ್ಸ್ ಮತ್ತು ಗ್ರಿಡ್. ಮುಕ್ತಾಯದ ಟ್ಯಾಗ್ ಮರೆತರೂ ಬ್ರೌಸರ್ ತನಗೆ ತೋಚಿದಂತೆ ಸರಿಪಡಿಸಿಕೊಂಡು ಪುಟ ತೋರಿಸುವುದರಿಂದ, ಡಬ್ಲ್ಯು3ಸಿಯ ಉಚಿತ ವ್ಯಾಲಿಡೇಟರ್‌ನಲ್ಲಿ ಪುಟವನ್ನು ಪರೀಕ್ಷಿಸುವ ರೂಢಿ ಆರಂಭದಲ್ಲೇ ಆಗಬೇಕು. ಬ್ರೌಸರ್‌ನ ಇನ್ಸ್‌ಪೆಕ್ಟ್ ಸೌಲಭ್ಯದಿಂದ ಬೇರೆಯವರ ಪುಟಗಳ ರಚನೆಯನ್ನೂ ಬಿಡಿಸಿ ನೋಡಿ ಕಲಿಯಬಹುದು.

ಮಾನಕಗಳು ಬೆಳೆಯುತ್ತಲೇ ಇದ್ದರೂ ಹಳೆಯ ಪುಟಗಳು ಕೆಡದಂತೆ ಅವನ್ನು ಕಾಪಾಡಿಕೊಂಡು ಬರಲಾಗಿದೆ. ಸರ್ನ್‌ನ ಮೊದಲ ವೆಬ್ ಪುಟವನ್ನು ಇಂದಿನ ಮೊಬೈಲ್‌ನಲ್ಲೂ ಓದಬಹುದು. ಆದ್ದರಿಂದ ಈ ಎರಡು ಭಾಷೆಗಳ ಮೂಲಪಾಠಕ್ಕೆ ಕೊಟ್ಟ ಸಮಯ ವ್ಯರ್ಥವಾಗುವುದಿಲ್ಲ. ಮುಂದೆ ಜಾವಾಸ್ಕ್ರಿಪ್ಟ್ ಕಲಿಯುವವರಿಗೂ ಇದೇ ತಳಹದಿ.