ಬಚ್ಚಲಿನ ಬಾಯಿ: ಒಂದು ಸಣ್ಣ ಇತಿಹಾಸ

ಇತಿಹಾಸವೆಂದರೆ ಅರಸರ ಪಟ್ಟಾಭಿಷೇಕ ಹಾಗೂ ಯುದ್ಧಗಳ ಕಥೆ ಮಾತ್ರವಲ್ಲ. ನಾವು ದಿನವೂ ಮಿಂದು ಬರುವ ಬಚ್ಚಲಿಗೂ ಒಂದು ಇತಿಹಾಸವಿದೆ. ಆ ಪದವನ್ನೇ ಗಮನಿಸಿ. ಕನ್ನಡದಲ್ಲಿ ಬಚ್ಚಲು ಎಂದರೆ ಸ್ನಾನದ ಸ್ಥಳವೂ ಹೌದು, ಕೊಳೆನೀರು ಹರಿದುಹೋಗುವ ಮೋರಿಯೂ ಹೌದು. ಮೀಯುವುದನ್ನೂ ನೀರು ಹೊರಹೋಗುವುದನ್ನೂ ನಮ್ಮ ಹಿರಿಯರು ಬೇರೆ ಬೇರೆಯಾಗಿ ಕಾಣಲಿಲ್ಲ.

ಈ ತಿಳಿವಳಿಕೆ ಬಹಳ ಹಳೆಯದು. ಸುಮಾರು 4,500 ವರ್ಷಗಳ ಹಿಂದಿನ ಮೊಹೆಂಜೊದಾರೊ ನಗರದಲ್ಲಿ ಬಹುತೇಕ ಮನೆಗಳಲ್ಲಿ ಸ್ನಾನದ ಕಟ್ಟೆಗಳಿದ್ದವು. ನೀರು ಇಂಗದಂತೆ ಸುಟ್ಟ ಇಟ್ಟಿಗೆಗಳನ್ನು ಒತ್ತಾಗಿ ಜೋಡಿಸಿ, ನೆಲವನ್ನು ಒಂದು ಮೂಲೆಗೆ ಇಳಿಜಾರು ಮಾಡಿ, ಅಲ್ಲಿಂದ ಬೀದಿಯ ಮುಚ್ಚಿದ ಚರಂಡಿಗೆ ದಾರಿ ಬಿಟ್ಟಿದ್ದರು. ಇಂದಿನ ಮೇಸ್ತ್ರಿ ಅನುಸರಿಸುವುದೂ ಇದೇ ನಿಯಮವನ್ನು: ಮೀಟರಿಗೆ ಒಂದು ಸೆಂಟಿಮೀಟರಿನಷ್ಟಾದರೂ ಇಳಿಜಾರು ಬೇಕು.

ಇನ್ನು ನಮ್ಮ ಕರಾವಳಿಗೆ ಬರೋಣ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಳೆಯ ಮನೆಗಳಲ್ಲಿ ಬಚ್ಚಲುಮನೆ ಸಾಮಾನ್ಯವಾಗಿ ಮನೆಯ ಹಿಂಬದಿಯಲ್ಲಿ, ಬಾವಿಗೆ ಸಮೀಪದಲ್ಲಿ ಇರುತ್ತಿತ್ತು. ಒಲೆಯ ಮೇಲೆ ತಾಮ್ರದ ಹಂಡೆ, ಉರಿಗೆ ತೆಂಗಿನ ಮಡಲು ಮತ್ತು ಸಿಪ್ಪೆ, ಕೆಳಗೆ ಹಾಸುಗಲ್ಲು. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದಂದು ಇದೇ ಹಂಡೆಗೆ ಹೂವಿನ ಅಲಂಕಾರ. ಸೀಗೆಪುಡಿ, ಕಡಲೆಹಿಟ್ಟು, ದಾಸವಾಳದ ಸೊಪ್ಪಿನ ಗೊಂಪು ಬೆರೆತ ನೀರು ಗೋಡೆಯ ಕಂಡಿಯಿಂದ ಹೊರಬಿದ್ದು, ತೆರೆದ ಕಣಿಯಲ್ಲಿ ಹರಿದು, ಬಾಳೆಯ ಬುಡವನ್ನೋ ಕೆಸುವಿನ ಹಾಳಿಯನ್ನೋ ಸೇರುತ್ತಿತ್ತು. ವಾಸನೆ ಬಯಲಿನ ಗಾಳಿಯಲ್ಲಿ ಕರಗುತ್ತಿತ್ತು. ಕಸ ಕಟ್ಟಿದರೆ ಒಂದು ಕೋಲು ಸಾಕಾಗಿತ್ತು.

ಕಾಂಕ್ರೀಟು ಮನೆಗಳು, ವಿದ್ಯುತ್ ಪಂಪುಗಳು ಬಂದಂತೆ ಬಚ್ಚಲು ಮನೆಯೊಳಕ್ಕೆ, ಮಲಗುವ ಕೋಣೆಯ ಪಕ್ಕಕ್ಕೇ ಬಂದಿತು. ತೆರೆದ ಕಣಿಯ ಸ್ಥಾನದಲ್ಲಿ ಮುಚ್ಚಿದ ಕೊಳವೆ ಬಂದಿತು. ಆಗ ಹೊಸ ಸಮಸ್ಯೆಯೊಂದು ಹುಟ್ಟಿತು: ನೀರು ಹೊರಹೋಗುವ ದಾರಿಯಲ್ಲಿಯೇ ಗುಂಡಿಯ ಕೆಟ್ಟ ಗಾಳಿ ಒಳಬರತೊಡಗಿತು.

ಇದಕ್ಕೆ ಉತ್ತರ ದೂರದ ಲಂಡನ್ನಿನಲ್ಲಿ ಮೊದಲೇ ಸಿದ್ಧವಾಗಿತ್ತು. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ ಶೌಚಾಲಯದ ಕೊಳವೆಯನ್ನು ಬಾಗಿಸಿ, ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಲ್ಲುವಂತೆ ಮಾಡಿ ಪೇಟೆಂಟ್ ಪಡೆದನು. ನಿಂತ ನೀರೇ ಗಾಳಿಗೆ ಬೀಗ! ನಮ್ಮ ಬಚ್ಚಲಿನ ಜಾಲಿಯ ಕೆಳಗಿರುವ 'ನಹಾನಿ ಟ್ರ್ಯಾಪ್' ಕೂಡ ಇದೇ ತತ್ವದ ಮೇಲೆ ನಿಂತಿದೆ. ಮರಾಠಿಯಲ್ಲಿ 'ನ್ಹಾಣಿ' ಎಂದರೆ ಸ್ನಾನದ ಜಾಗ. ಹೆಸರು ನೆರೆಮನೆಯದು, ಉಪಾಯ ಹೊರನಾಡಿನದು.

ಈ ಬೀಗದ ಬೆಲೆ ಎಷ್ಟೆಂಬುದನ್ನು 2003ರಲ್ಲಿ ಜಗತ್ತು ಕಂಡಿತು. ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿಗೆ ಸಾರ್ಸ್ ರೋಗ ತಗಲಿತು. ಅಲ್ಲಿನವರು ನೆಲವನ್ನು ನೀರು ಸುರಿದು ತೊಳೆಯದೆ ಒರೆಸುತ್ತಿದ್ದುದರಿಂದ ಅನೇಕ ಬಚ್ಚಲುಗಳ ಟ್ರ್ಯಾಪುಗಳು ಒಣಗಿದ್ದವು. ರೋಗಾಣುಗಳು ಆ ದಾರಿಯಿಂದ ಮನೆಯೊಳಕ್ಕೆ ಬಂದಿರುವ ಸಂಭವ ಹೆಚ್ಚೆಂದು ತನಿಖೆ ಗುರುತಿಸಿತು.

ನಮ್ಮ ಊರಿನಲ್ಲಿಯೂ ಇದಕ್ಕೆ ಹೋಲುವ ಸನ್ನಿವೇಶವಿದೆ. ಬೆಂಗಳೂರು, ಮುಂಬಯಿಗಳಲ್ಲಿ ದುಡಿಯುವವರ ಮನೆಗಳು ಇಲ್ಲಿ ತಿಂಗಳುಗಟ್ಟಲೆ ಮುಚ್ಚಿರುತ್ತವೆ. ಬೇಸಿಗೆಯ ಸೆಕೆಗೆ ಟ್ರ್ಯಾಪಿನ ನೀರು ಆರುತ್ತದೆ. ರಜೆಗೆ ಬಂದು ಬಾಗಿಲು ತೆರೆದರೆ ದುರ್ವಾಸನೆ. ಕೂಡಲೇ ಹೊಸ ಜಾಲಿ ತಂದು ಹಾಕುತ್ತಾರೆ, ವಾಸನೆ ಹೋಗುವುದಿಲ್ಲ. ಜಾಲಿ ತಡೆಯುವುದು ಕೂದಲನ್ನು, ಗಾಳಿಯನ್ನಲ್ಲ. ಮೊದಲು ಒಂದು ಕೊಡ ನೀರು ಸುರಿದು ನೋಡಬೇಕು. ಆಮೇಲೂ ವಾಸನೆ ನಿಲ್ಲದಿದ್ದರೆ, ಅಥವಾ ಗೋಡೆಯ ಬುಡ ತೇವಗೊಂಡಿದ್ದರೆ, ಟ್ರ್ಯಾಪು ಬಿರುಕುಬಿಟ್ಟಿದೆಯೇ ಎಂದು ಪರೀಕ್ಷಿಸಬೇಕು. ಬಿರುಕಿದ್ದರೆ ಸುತ್ತಲಿನ ನೆಲ ಒಡೆದು ಅದೇ ಅಳತೆಯ ಹೊಸದನ್ನು ಕೂರಿಸಬೇಕು. ಅದರಲ್ಲಿ ಸುಮಾರು 50 ಮಿಲಿಮೀಟರು ನೀರು ನಿಲ್ಲಬೇಕು; ಬಾಯಿ ನೆಲಕ್ಕಿಂತ ತುಸು ತಗ್ಗಿನಲ್ಲಿರಬೇಕು; ಸಿಮೆಂಟು ಮುಚ್ಚುವ ಮೊದಲೇ ನೀರು ಬಿಟ್ಟು ಸೋರಿಕೆ ನೋಡಬೇಕು. ಹಣ ಉಳಿಸಲು ಟ್ರ್ಯಾಪನ್ನೇ ಬಿಟ್ಟು ನೇರ ಕೊಳವೆ ಇಡುವುದು ದೊಡ್ಡ ತಪ್ಪು.

ಇನ್ನೊಂದು ಮಾತು. ಕೊಳವೆ ಮುಗಿಯುವುದೆಲ್ಲಿ? ನಮ್ಮದು ಮುರಕಲ್ಲಿನ ನೆಲ. ಅದರ ತೂತುಗಳಲ್ಲಿ ನೀರು ಬೇಗನೆ ಇಳಿಯುತ್ತದೆ. ಮಳೆಗಾಲದಲ್ಲಿ ಬಾವಿಯ ನೀರು ಕೈಗೆಟಕುವಷ್ಟು ಮೇಲಕ್ಕೇರುತ್ತದೆ. ಆದ್ದರಿಂದ ಇಂಗುಗುಂಡಿಯು ಬಾವಿಯಿಂದ 15ರಿಂದ 18 ಮೀಟರಾದರೂ ದೂರವಿರಬೇಕೆಂಬುದು ತಜ್ಞರ ಸೂತ್ರ. ಸಣ್ಣ ಹಿತ್ತಲಿನಲ್ಲಿ ಈ ಅಂತರ ಸಿಗುವುದು ಕಷ್ಟ. ನೆರೆಮನೆಯ ಬಾವಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶೌಚದ ನೀರಿನೊಂದಿಗೆ ಬೆರೆಸದೆ ಸ್ನಾನದ ನೀರನ್ನು ಬಾಳೆಯ ಬುಡಕ್ಕೆ ಹರಿಸಿದ ಅಜ್ಜಿಯ ಕ್ರಮದಲ್ಲಿ ಈ ವಿವೇಕ ಅಡಗಿತ್ತು.

ಹಳೆಯ ಬಚ್ಚಲಿನಲ್ಲಿ ನೀರು ಎಲ್ಲಿಗೆ ಹೋಗುತ್ತದೆಂದು ಮನೆಯ ಮಗುವಿಗೂ ಗೊತ್ತಿತ್ತು. ಇಂದು ಅದು ಜಾಲಿಯ ಕೆಳಗೆ ಮರೆಯಾಗಿದೆ. ನಾಳೆ ಮಿಂದ ಮೇಲೆ ನಿಮ್ಮ ಮನೆಯ ನೀರಿನ ಜಾಡನ್ನು ಕೊನೆಯವರೆಗೆ ಹಿಡಿದು ನೋಡಿ. ಹಿರಿಯರನ್ನು ಕೇಳಿ ಹಳೆಯ ಬಚ್ಚಲಿನ ನಕ್ಷೆಯೊಂದನ್ನು ಬರೆದಿಡಿ. ನಿಮ್ಮ ಊರಿನ ಇತಿಹಾಸದ ಒಂದು ಪುಟ ಅಲ್ಲಿಂದಲೇ ಆರಂಭವಾಗುತ್ತದೆ.